ಗಾಳಿ, ನೀರು, ಕಬ್ಬಿಣ

ಮಾರ್ಚ್ ೧೪, ಭಾನುವಾರ

ಪ್ರೀತಿಯ ಅಕ್ಕಾ,

ನೀನು, ಭಾವ, ಪುಟಾಣಿ ಮೂವರೂ ಚೆನ್ನಾಗಿದ್ದೀರಿ ಅಂದುಕೊಂಡು ಶುರುಮಾಡುತ್ತಿದ್ದೇನೆ. ನಿನ್ನ ಮೂರು ಪತ್ರಗಳೂ ಬಂದಿವೆ. ಮೊದಲನೆಯದರಲ್ಲಿ "ಹೂಂಗುಟ್ಟಿ, ಹೇಗಿದ್ದೀಯೇ?" ಅಂತ ಕೇಳಿದ್ದೆ. ಎರಡನೆಯದರಲ್ಲಿ "ಹೂಂಗುಟ್ಟಿ, ಇದ್ದೀಯೇನೇ?" ಅಂತ. ಮೂರನೆಯದರಲ್ಲಿ ಮಾತೇ ಇಲ್ಲ, ಮಗುವಿನ ಅಂಗಾಲಿನ ನೀಲಿ ಶಾಯಿ ಗುರುತು ಒಂದೇ. ಅದನ್ನು ನೋಡಿಯೂ ಉತ್ತರ ಬರೆಯದವಳು ಕಲ್ಲೇ ಇರಬೇಕು ಅಂತ ನೀನು ಅಂದುಕೊಂಡಿರುತ್ತೀಯ. ತಡವಾಯಿತು, ತಪ್ಪಾಯಿತು. ಬೈಯುವುದಿದ್ದರೆ ಪೂರ್ತಿ ಓದಿ ಆಮೇಲೆ ಬೈಯಿ.

ಹೂಂಗುಟ್ಟಿ ಅನ್ನುವ ಹೆಸರು ನೀನು ಇಟ್ಟ ದಿನ ನೆನಪಿದೆಯಾ? "ಹಾಲು ಇಟ್ಟಿದ್ದೀನಿ, ನೋಡ್ಕೋತೀಯಾ?" ಅಂತ ನೀನು ಕೇಳಿದ್ದೆ. ನಾನು ಪುಸ್ತಕದಿಂದ ತಲೆ ಎತ್ತದೆ "ಹೂಂ" ಅಂದಿದ್ದೆ. ಹಾಲು ಉಕ್ಕಿ, ಆರಿ, ಪಾತ್ರೆಯ ತಳ ಕರಕಲಾಗಿ, ಪಕ್ಕದ ಮನೆಯವರು ಓಡಿಬಂದರೂ ನಾನು ಅದೇ ಪುಟದಲ್ಲಿದ್ದೆ. ಆ ಪಾತ್ರೆ ಇನ್ನೂ ಇದೆ. ಅಮ್ಮ ಅದರಲ್ಲಿ ಬಟ್ಟೆ ಕ್ಲಿಪ್ಪು ಹಾಕಿಟ್ಟಿದ್ದಾಳೆ.

ಈಗ ನಿಜ ಹೇಳುತ್ತೇನೆ. ಫೋನಿನಲ್ಲಿ ಅಮ್ಮ "ಅಪ್ಪನಿಗೆ ಸ್ವಲ್ಪ ಸುಸ್ತು, ಮಲಗಿದ್ದಾರೆ" ಅಂತ ಹೇಳುತ್ತಿದ್ದುದು ಅರ್ಧ ಮಾತು. ಜನವರಿ ಇಪ್ಪತ್ತೆರಡರಂದು ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಅಪ್ಪ ಅಂಗಡಿಯಲ್ಲಿ ಒಬ್ಬ ಗಿರಾಕಿಯ ಹೊಲಿಗೆ ಮಷೀನಿಗೆ ಬಗ್ಗಿಕೊಂಡು ಬೆಲ್ಟು ಹಾಕುತ್ತಿದ್ದರಂತೆ. ಎದ್ದು ನಿಂತರಂತೆ. ನಿಂತವರು ಹಾಗೆಯೇ ಕುಸಿದರಂತೆ. ಎಂಟು ದಿನ ಆಸ್ಪತ್ರೆ, ಅದರಲ್ಲಿ ನಾಲ್ಕು ದಿನ ಐ.ಸಿ.ಯು. ನಿನಗೆ ಹೆರಿಗೆಯಾಯಿತು ಅಂತ ಭಾವ ಫೋನ್ ಮಾಡಿದಾಗ ಅಮ್ಮ ಐ.ಸಿ.ಯು. ಬಾಗಿಲ ಮುಂದಿನ ಕಬ್ಬಿಣದ ಕುರ್ಚಿಯಲ್ಲಿ ಕೂತಿದ್ದಳು. "ಹೆಣ್ಣು ಮಗುನಾ? ಅಯ್ಯೋ, ಎಷ್ಟು ಖುಷಿ" ಅಂತ ಅಳುತ್ತಿದ್ದಳು. ಯಾವ ಅಳು ಯಾವುದಕ್ಕೆ ಅಂತ ಅವಳಿಗೂ ಗೊತ್ತಿರಲಿಲ್ಲ ಅನ್ನಿಸುತ್ತದೆ. ಹಸಿ ಬಾಣಂತಿಗೆ ಏನೂ ಹೇಳಕೂಡದು ಅಂತ ನನ್ನ ಬಾಯಿಗೆ ಬೀಗ ಹಾಕಿದಳು. ನನ್ನ ಬಾಯಿಗೆ ಬೀಗ ಹಾಕುವುದು ಕಷ್ಟದ ಕೆಲಸ ಅಲ್ಲವಲ್ಲ.

ಅಪ್ಪ ಯಾಕೆ ಬಿದ್ದರು ಅಂತ ಹೇಳಬೇಕಾದರೆ ನನ್ನ ಕೆಲಸದ ಬಗ್ಗೆ ಮೊದಲು ಹೇಳಬೇಕು. "ಆಸ್ಪತ್ರೆಯಲ್ಲಿ ಬರೆಯುವ ಕೆಲಸ" ಅಂತ ಅಷ್ಟೇ ತಿಳಿಸಿದ್ದೆ. ನಮ್ಮ ಡಾಕ್ಟರಮ್ಮ ಹೃದಯ ದುರ್ಬಲವಾದ ರೋಗಿಗಳ ರಕ್ತದ ಮೇಲೆ ಒಂದು ಅಧ್ಯಯನ ಮಾಡುತ್ತಿದ್ದಾರೆ. ಆರು ತಿಂಗಳಲ್ಲಿ ಮೂರು ಸಲ ರಕ್ತ ತೆಗೆದು, ಅದರಲ್ಲಿ ಎರಡು ಬಗೆಯ ಗುರುತುಗಳನ್ನು ಹುಡುಕುತ್ತಾರೆ. ಒಂದು, ಹೃದಯ ಭಾರ ತಡೆಯಲಾರದೆ ಹಿಗ್ಗಿದಾಗ ತಾನೇ ರಕ್ತಕ್ಕೆ ಬಿಡುವ ಪದಾರ್ಥ. ಇನ್ನೊಂದು, ನಾವು ಉಸಿರಾಡುವ ಆಕ್ಸಿಜನ್ನೇ ಜೀವಕೋಶಗಳ ಒಳಗೆ ಹದ ತಪ್ಪಿ ಮಾಡುವ ಹಾನಿಯ ಗುರುತು. ಇದಕ್ಕೆ ಆಕ್ಸಿಡೇಟಿವ್ ಸ್ಟ್ರೆಸ್ ಅನ್ನುತ್ತಾರೆ. ರೋಗಿಗಳು ಓದಿ ಸಹಿ ಹಾಕುವ ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಬರೆಯುವುದು, ಓದಲು ಬಾರದವರಿಗೆ ಓದಿ ಹೇಳುವುದು ನನ್ನ ಕೆಲಸ.

ನಿಘಂಟಿನಲ್ಲಿ ಅದಕ್ಕೆ "ಉತ್ಕರ್ಷಣ ಒತ್ತಡ" ಅಂತ ಇತ್ತು. ಹಾಗೆಯೇ ಬರೆದೆ. ಮೊದಲು ಬಂದವರು ನಿವೃತ್ತ ಬಸ್ ಕಂಡಕ್ಟರ್. ಕನ್ನಡಕ ಏರಿಸಿ ಓದಿ, "ಉತ್ಕರ್ಷ ಅಂದ್ರೆ ಏಳಿಗೆ ಅಲ್ವೇನಮ್ಮಾ? ಮೂವತ್ತು ವರ್ಷ ಬಸ್ಸಲ್ಲಿ ನಿಂತೇ ಇದ್ದೆ. ನನಗೆಲ್ಲಿಂದ ಬಂತು ಏಳಿಗೆ? ಅದೂ ಒತ್ತಡ ಬರೋವಷ್ಟು!" ಅಂದರು. ಕೋಣೆಯಲ್ಲಿದ್ದವರೆಲ್ಲ ನಕ್ಕರು. ರಕ್ತ ತೆಗೆಯುವ ಟ್ಯೂಬಕ್ಕ ಅಂತೂ ಸೂಜಿ ಕೆಳಗಿಟ್ಟು ನಕ್ಕರು. (ಅವರ ಜೇಬಿನಲ್ಲಿ ಯಾವಾಗಲೂ ನಾಲ್ಕೈದು ಬಣ್ಣದ ಮುಚ್ಚಳದ ಟ್ಯೂಬು ಇರುತ್ತವೆ, ಅದಕ್ಕೇ ಆ ಹೆಸರು.) ಎರಡು ದಿನ ಕೂತು ಆ ಜಾಗವನ್ನು ಮತ್ತೆ ಬರೆದೆ:

"ಕಬ್ಬಿಣಕ್ಕೆ ತುಕ್ಕು ಹಿಡಿಯುವ ಹಾಗೆ, ದಣಿದ ಹೃದಯದ ಜೀವಕೋಶಗಳಿಗೂ ಒಂದು ಬಗೆಯ ತುಕ್ಕು ಹಿಡಿಯುತ್ತದೆ. ಆ ತುಕ್ಕಿನ ಗುರುತುಗಳನ್ನು ನಿಮ್ಮ ರಕ್ತದಲ್ಲಿ ಹುಡುಕುವುದೇ ಈ ಅಧ್ಯಯನ."

ಡಾಕ್ಟರಮ್ಮ ಓದಿ ಮೇಜು ತಟ್ಟಿದರು. "ಇದು! ಇದು ಅರ್ಥವಾಗುತ್ತೆ." ಟ್ಯೂಬಕ್ಕ, "ಹತ್ತು ವರ್ಷದಿಂದ ಈ ಟ್ಯೂಬು ತುಂಬ್ತಿದ್ದೀನಿ, ಯಾಕೆ ಅಂತ ಇವತ್ತು ಗೊತ್ತಾಯ್ತು ಬಿಡು" ಅಂದರು. ನಿನಗೆ ಹೇಳಲು ನಾಚಿಕೆ, ಆದರೆ ಆ ದಿನ ಮನೆಗೆ ನಡೆದುಕೊಂಡು ಹೋದೆ, ಬಸ್ಸು ಹತ್ತಲು ಮನಸ್ಸಾಗಲಿಲ್ಲ, ಅಷ್ಟು ಖುಷಿ. ಕಾಲೇಜು ಪತ್ರಿಕೆಯಲ್ಲಿ ನನ್ನ ಎರಡು ಕವಿತೆ ಬಂದಿದ್ದವು. ಅವನ್ನು ಓದಿದವರು ನೀನು ಮತ್ತು ಅಚ್ಚು ತಿದ್ದಿದವರು. ಈ ಐದು ಪುಟವನ್ನು ನಲವತ್ತಮೂರು ಜನ ಓದಿದರು, ಪ್ರತಿ ಪುಟಕ್ಕೂ ಸಹಿ ಹಾಕಿದರು. ಯಾವ ಲೇಖಕಿಗೆ ಅಂಥ ಓದುಗರು ಸಿಗುತ್ತಾರೆ?

ಆ ನಲವತ್ತಮೂರರಲ್ಲಿ ಒಬ್ಬರು ಅಪ್ಪ.

ಎರಡು ವರ್ಷದಿಂದ ಅವರ ಹೃದಯ ತೋರಿಸುತ್ತಿದ್ದುದೇ ಅಲ್ಲಿ. "ಹೃದಯ ವೈಫಲ್ಯ" ಅಂತ ಚೀಟಿಯಲ್ಲಿ ಬರೆದಾಗ ಅಮ್ಮ ಹೆದರಿದ್ದಳಲ್ಲ, ಅಪ್ಪ "ಫೇಲು ಅಂದ್ರೆ ನಿಂತುಹೋಗಿದೆ ಅಂತಲ್ಲ ಕಣೇ. ಚಕ್ರ ತಿರುಗ್ತಿದೆ, ಬೆಲ್ಟು ಸಡಿಲ" ಅಂದಿದ್ದರಲ್ಲ. ರಕ್ತ ಕಡಿಮೆ ಅಂತ ಕಬ್ಬಿಣದ ಮಾತ್ರೆ, ಮೈಯಲ್ಲಿ ನೀರು ನಿಲ್ಲದ ಹಾಗೆ ನೀರಿಳಿಸುವ ಮಾತ್ರೆ, ದಿನಕ್ಕೆ ಒಂದೂವರೆ ಲೀಟರ್ ನೀರು ಕುಡಿಯಬಹುದು, ಅದಕ್ಕಿಂತ ಹೆಚ್ಚು ಬೇಡ. ಇದು ಅವರ ಲೆಕ್ಕ. ನವೆಂಬರಿನಲ್ಲಿ ಅಧ್ಯಯನಕ್ಕೆ ಸೇರಿದರು. ಒಪ್ಪಿಗೆ ಪತ್ರದ ಪ್ರತಿ ಮನೆಗೆ ತಂದು, ಪೆನ್ಸಿಲ್ ಹಿಡಿದು, ಹೊಸ ಮಷೀನಿನ ಜೊತೆ ಬರುವ ಪುಸ್ತಕವನ್ನು ಓದುತ್ತಾರಲ್ಲ, ಹಾಗೆ ಓದಿದರು.

"ನೋಡೇ, ನಿನ್ನ ಮಗಳು ನನ್ನ ಭಾಷೇಲಿ ಬರೆದಿದ್ದಾಳೆ."

"ನಿಮ್ಮ ಭಾಷೆ ಅಂದ್ರೆ ಸೀಮೆಎಣ್ಣೆ, ಉಪ್ಪು ಕಾಗದ. ಓದಿ ಆದ್ಮೇಲೆ ಕೈ ತೊಳ್ಕೊಂಡು ಊಟಕ್ಕೆ ಬನ್ನಿ" ಅಂದಳು ಅಮ್ಮ.

ಅಪ್ಪ ಆ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಅಂಗಡಿಗೆ ಒಯ್ದರು. ಬಂದ ಗಿರಾಕಿಗಳಿಗೆಲ್ಲ ತೋರಿಸಿದರು ಅಂತ ಆಮೇಲೆ ಗೊತ್ತಾಯಿತು.

ಐ.ಸಿ.ಯು.ನಲ್ಲಿ ಹೇಳಿದ್ದು ಇಷ್ಟು: ಮೈಯಲ್ಲಿ ನೀರೇ ಇಲ್ಲ, ಒಣಗಿಹೋಗಿದ್ದಾರೆ. ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಿದೆ. ರಕ್ತ ಮೊದಲಿಗಿಂತಲೂ ಕಡಿಮೆಯಾಗಿದೆ. ಅಮ್ಮ ಒಪ್ಪಲಿಲ್ಲ. "ದಿನಾ ನಾನೇ ಒಂದೂವರೆ ಲೀಟರ್ ಬಾಟಲಿ ತುಂಬಿ ಕೊಡ್ತೀನಿ. ಸಂಜೆ ಖಾಲಿ ಬಾಟಲಿ ವಾಪಸ್ ಬರುತ್ತೆ. ಮಾತ್ರೆ ಹಾಳೆನೂ ಖಾಲಿಯಾಗಿರುತ್ತೆ" ಅಂದಳು. ಮಾರನೆಯ ದಿನ ಅವರ ಹಳೆಯ ಚೀಟಿಗಳನ್ನು ತರಲು ನನ್ನನ್ನು ಅಂಗಡಿಗೆ ಕಳಿಸಿದರು. ಬಾಗಿಲ ಪಕ್ಕದ ಕುಂಡದಲ್ಲಿ ಗಿಡ ದಟ್ಟ ಹಸಿರಾಗಿ, ಬಾಗಿಲ ಗಾಜಿನ ಅರ್ಧದವರೆಗೆ ಬೆಳೆದಿತ್ತು. ಅಷ್ಟು ವರ್ಷದಲ್ಲಿ ಅದು ಒಂದು ಗೇಣು ದಾಟಿರಲಿಲ್ಲ. ನೋಡಿದೆ, ಯೋಚಿಸಲಿಲ್ಲ. ಮೇಜಿನ ಖಾನೆ ಎಳೆದಾಗ ಚೀಟಿಗಳ ಮೇಲೆ ದಾರ ಸುತ್ತುವ ಬಾಬಿನ್‌ಗಳ ಡಬ್ಬಿ ಇತ್ತು. ಮುಚ್ಚಳ ತೆಗೆದೆ. ಬಾಬಿನ್‌ಗಳ ನಡುವೆ ಕೆಂಪು ಕಂದು ಬಣ್ಣದ ಕಬ್ಬಿಣದ ಮಾತ್ರೆಗಳು. ಎಣಿಸಲಿಲ್ಲ, ಎಣಿಸುವಷ್ಟು ಕಡಿಮೆ ಇರಲಿಲ್ಲ. ಅದರ ಕೆಳಗೆ ನನ್ನ ಐದು ಪುಟ. ತುಕ್ಕು ಅನ್ನುವ ಪದ ಬಂದ ಕಡೆಯಲ್ಲೆಲ್ಲ ಅದರ ಕೆಳಗೆ ಪೆನ್ಸಿಲ್ ಗೆರೆ.

ಅಲ್ಲಿಯೇ ಅವರ ಸ್ಟೂಲಿನ ಮೇಲೆ ಕೂತೆ. ಅರ್ಥವಾಗಿತ್ತು, ಆದರೆ ಅರ್ಥವಾಗಲಿಲ್ಲ ಅಂತ ಇನ್ನೂ ಸ್ವಲ್ಪ ಹೊತ್ತು ಇರೋಣ ಅನ್ನಿಸಿತು.

ಅಪ್ಪ ವಾರ್ಡಿಗೆ ಬಂದ ದಿನ ಡಾಕ್ಟರಮ್ಮ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತರು. ಟ್ಯೂಬಕ್ಕ ರಕ್ತ ತೆಗೆಯಲು ಕೈಗೆ ಪಟ್ಟಿ ಕಟ್ಟುತ್ತಿದ್ದರು. ನಾನು ಕಾಲಿನ ಕಡೆ ನಿಂತಿದ್ದೆ, ಡಬ್ಬಿ ಕೈಯಲ್ಲಿತ್ತು.

"ಯಜಮಾನರೇ, ಉಳಿದ ಮಾತ್ರೆ ಎಲ್ಲ ಸರಿಯಾಗಿ ತಗೊಂಡಿದ್ದೀರಿ. ಇದೊಂದು ಯಾಕೆ ಬಿಟ್ರಿ? ನೀರು ಯಾಕೆ ಬಿಟ್ರಿ?"

ಅಪ್ಪ ಎಲೆಕ್ಟ್ರಿಕ್ ಮಷೀನು ಕೊಳ್ಳಲು ಬಂದವರಿಗೆ ವಿವರಿಸುವ ಹಾಗೆ ನಿಧಾನವಾಗಿ ಹೇಳಿದರು. "ಡಾಕ್ಟರಮ್ಮಾ, ತುಕ್ಕು ಹಿಡಿಯೋಕೆ ಮೂರು ಬೇಕು. ಗಾಳಿ, ನೀರು, ಕಬ್ಬಿಣ. ಮೂರರಲ್ಲಿ ಒಂದು ಇಲ್ಲದಿದ್ರೂ ಹಿಡಿಯಲ್ಲ. ಗಾಳಿ ನಿಲ್ಲಿಸೋಕಾಗುತ್ತಾ? ಉಳಿದ ಎರಡು ನನ್ನ ಕೈಲಿತ್ತು. ಊಟಕ್ಕೆ ಎರಡು ಗುಟುಕು ನೀರು ಬಿಟ್ರೆ ಎರಡನ್ನೂ ನಿಲ್ಲಿಸಿದೆ."

ಟ್ಯೂಬಕ್ಕನ ಕೈ ನಿಂತಿತು.

"ನೀರಿಳಿಸೋ ಮಾತ್ರೆ?"

"ಅದು ಒಳ್ಳೆ ಮಾತ್ರೆ. ಒಳಗಿನ ತೇವ ತೆಗೆಯುತ್ತೆ. ಅದನ್ನ ಒಂದು ದಿನಾನೂ ತಪ್ಪಿಸಿಲ್ಲ."

"ಹೀಗೆ ಮಾಡಿ ಅಂತ ನಿಮಗೆ ಯಾರು ಹೇಳಿದ್ರು?"

"ಯಾರೂ ಹೇಳ್ಲಿಲ್ಲ. ನಲವತ್ತು ವರ್ಷ ಮಷೀನು ಬಿಚ್ಚಿದ್ದೀನಿ, ತುಕ್ಕಿನ ವಿಷಯ ಯಾರನ್ನ ಕೇಳ್ಬೇಕು?" ಅಂದರು. ಡಾಕ್ಟರಮ್ಮನ ಮುಖ ನೋಡಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ. ತೂಗುಹಾಕಿದ್ದ ಗ್ಲೂಕೋಸ್ ಬಾಟಲಿ ನೋಡುತ್ತ ಹೇಳಿದರು.

ಮಂಚದ ಆ ಬದಿಯಲ್ಲಿದ್ದ ಅಮ್ಮ ಮಾತ್ರ ಬಿಡಲಿಲ್ಲ, ಗಿಡ ಬೆಳೆದದ್ದನ್ನು ನಾನು ಅವಳಿಗೆ ಹೇಳಿದ್ದೆ. "ಎರಡು ತಿಂಗಳು ಗಿಡಕ್ಕೆ ನೀರು ಹೊಯ್ದು ನನಗೆ ಖಾಲಿ ಬಾಟಲಿ ತೋರಿಸಿದ್ರಲ್ರೀ! ಸ್ಕೂಲು ಮಕ್ಕಳು ಊಟದ ಡಬ್ಬಿ ಖಾಲಿ ಮಾಡೋ ಹಾಗೆ! ನಿಮಗೇನು ವಯಸ್ಸು ಆರಾ, ಅರವತ್ತಾರಾ?"

"ನಿನಗೆ ಹೇಳಿದ್ರೆ ಬಿಡ್ತಿದ್ಯಾ?" ಅಂದರು ಅಪ್ಪ.

ಹೊರಗೆ ಬಂದ ಮೇಲೆ ಡಾಕ್ಟರಮ್ಮನಿಗೆ "ಆ ಪದ ನನ್ನದು" ಅಂದೆ. ಅಷ್ಟು ಹೇಳಲು ಇಡೀ ಕಾರಿಡಾರ್ ನಡೆಯಬೇಕಾಯಿತು. ಅವರು ಲಿಫ್ಟಿನ ಗುಂಡಿ ಒತ್ತಿದವರು ಲಿಫ್ಟು ಬಂದರೂ ಹತ್ತಲಿಲ್ಲ. "ಪದ ನಿಮ್ಮದು. ಅದರ ಕೆಳಗೆ ಸಹಿ ನನ್ನದು. ತಮಾಷೆ ನೋಡಿ, ನಿಮ್ಮಪ್ಪನ ತರ್ಕದಲ್ಲಿ ತಪ್ಪೇ ಇಲ್ಲ. ಅಂಕೆಯಿಲ್ಲದ ಕಬ್ಬಿಣ ಇದ್ದರೆ ಈ ಹಾನಿ ಜಾಸ್ತಿಯಾಗೋದು ನಿಜ. ಆದರೆ ಅವರ ರಕ್ತದಲ್ಲಿ ಇರಬೇಕಾದಷ್ಟು ಕಬ್ಬಿಣವೇ ಇಲ್ಲ. ಇನ್ನು ನಲವತ್ತೆರಡು ಜನ ಇದೇ ಕಾಗದ ಓದಿದ್ದಾರೆ. ಇಬ್ಬರೂ ಕೂತು ಫೋನ್ ಮಾಡೋಣ" ಅಂದರು. ವಿಷಯವನ್ನು ಅಧ್ಯಯನದ ಸಮಿತಿಗೂ ಅಂದೇ ಬರೆದು ತಿಳಿಸಿದರು.

ಅಕ್ಕಾ, ನನಗೆ ಫೋನೆಂದರೆ ಹೇಗೆ ಅಂತ ನಿನಗೆ ಗೊತ್ತು. ಗ್ಯಾಸ್ ಬುಕ್ ಮಾಡಲೂ ಕಾಗದದ ಮೇಲೆ ಬರೆದಿಟ್ಟುಕೊಂಡು ಮಾತಾಡುವವಳು ನಾನು. ಮೂರು ದಿನದಲ್ಲಿ ಇಪ್ಪತ್ತೊಂದು ಜನರಿಗೆ ಫೋನ್ ಮಾಡಿದೆ. ಎಲ್ಲರಿಗೂ ಒಂದೇ ಪ್ರಶ್ನೆ: "ತುಕ್ಕು ಅಂತ ಓದಿ ನಿಮಗೆ ಏನು ಅನ್ನಿಸಿತು? ಅದರಿಂದ ಏನಾದರೂ ಬದಲಾಯಿಸಿದ್ದೀರಾ?"

ಕಂಡಕ್ಟರು, "ಆ ಭಾಗ ಓದಿಲ್ಲಮ್ಮ. ಏಳಿಗೆ ತೆಗೆದುಬಿಟ್ರಲ್ಲ, ಆಮೇಲೆ ಆಸಕ್ತಿ ಹೋಯ್ತು" ಅಂದರು. ಒಬ್ಬ ಅಜ್ಜಿ ಕಬ್ಬಿಣದ ಬಾಣಲೆಯನ್ನು ಅಟ್ಟಕ್ಕೆ ಹಾಕಿಸಿದ್ದಾರೆ, ಅವರ ಸೊಸೆ ಹಿಂದಿನಿಂದ "ಕೇಳಿಸ್ಕೊಳ್ಳಿ ಅತ್ತೆ, ನಾನು ಆವತ್ತೇ ಹೇಳ್ಲಿಲ್ವಾ?" ಅನ್ನುತ್ತಿದ್ದಳು. ನಿವೃತ್ತ ಹೆಡ್ಮಿಸ್ಟ್ರೆಸ್ ಒಬ್ಬರು "ನನಗೆ ಹೋಲಿಕೆ ಅಂತ ತಿಳಿಯಿತು. ಆದರೆ ಅಲ್ಪವಿರಾಮ ಜಾಸ್ತಿ ಹಾಕ್ತೀಯಮ್ಮ ನೀನು" ಅಂದರು. ಲಾರಿ ಓಡಿಸುತ್ತಿದ್ದ ಒಬ್ಬರು, "ತುಕ್ಕು ಅಂದ್ಮೇಲೆ ಗುಜರಿಗೇ ಅಲ್ವಾ ಮೇಡಂ? ನಾನು ಯಾರಿಗೂ ಹೇಳಿಲ್ಲ" ಅಂದರು. ಅವರ ಜೊತೆ ಅರ್ಧ ಗಂಟೆ ಮಾತಾಡಿದೆ. ಅಷ್ಟು ಹೊತ್ತು ಒಬ್ಬ ಅಪರಿಚಿತರ ಜೊತೆ ನಾನು ಎಂದೂ ಮಾತಾಡಿರಲಿಲ್ಲ.

ಒಂದು ಮನೆಯಲ್ಲಿ ಹೆಂಡತಿ ಫೋನ್ ಎತ್ತಿದರು. "ಅವರು ಹೋಗಿ ಹನ್ನೆರಡು ದಿನ ಆಯ್ತಮ್ಮ" ಅಂದರು. ಬರೆದಿಟ್ಟುಕೊಂಡಿದ್ದ ಪ್ರಶ್ನೆಯನ್ನೇ ಓದಿಬಿಟ್ಟೆ. ಅವರು, "ಇಲ್ಲ, ಮಾತ್ರೆ ಯಾವುದೂ ಬಿಟ್ಟಿರ್ಲಿಲ್ಲ. ನಾನೇ ಕೈಗೆ ಕೊಡ್ತಿದ್ದೆ. ನೀರೂ ಅಷ್ಟೆ, ಅಳತೆ ಪ್ರಕಾರ" ಅಂದರು. ನನ್ನ ಎದೆ ಹಗುರವಾಯಿತು. ಒಬ್ಬರ ಸಾವಿನ ಸುದ್ದಿ ಕೇಳಿ ಹಗುರವಾದ ನನ್ನ ಎದೆಯ ಬಗ್ಗೆ ಆಮೇಲೆ ಬಹಳ ಹೊತ್ತು ಹೇಸಿಗೆಯಾಯಿತು.

ನಿಲ್ಲಿಸಬಾರದ್ದನ್ನು ನಿಲ್ಲಿಸಿದವರು ಅಪ್ಪ ಒಬ್ಬರೇ. ಉಳಿದವರಿಗೆ ಅದು ಒಂದು ಪದ. ಅಪ್ಪನಿಗೆ ಅದು ಕೆಲಸ.

ಅಧ್ಯಯನದಿಂದ ಅವರನ್ನು ಕೈಬಿಟ್ಟಿದ್ದಾರೆ. ಅವರ ರಕ್ತದ ಅಂಕಿಗಳು ಈಗ ಕಾಯಿಲೆಯದ್ದನ್ನು ಹೇಳುವುದಿಲ್ಲ, ಆ ಎರಡು ತಿಂಗಳದ್ದನ್ನು ಹೇಳುತ್ತವೆ, ಅದಕ್ಕೆ. ಇದು ಅವರಿಗೆ ಬಿದ್ದದ್ದಕ್ಕಿಂತ ದೊಡ್ಡ ಪೆಟ್ಟು. "ಹಾಗಾದ್ರೆ ನನ್ನ ರಕ್ತ ಯಾವ ಉಪಯೋಗಕ್ಕೂ ಬರಲ್ವಾ?" ಅಂತ ಟ್ಯೂಬಕ್ಕನನ್ನು ಕೇಳಿದರು. ಟ್ಯೂಬಕ್ಕ, "ನಿಮಗೇ ಬರುತ್ತೆ ಬಿಡಿ ಅಣ್ಣಾ, ಸದ್ಯಕ್ಕೆ ನಿಮ್ಮ ಹತ್ರಾನೇ ಇಟ್ಕೊಳ್ಳಿ" ಅಂದರು.

ಹೊಸ ಕಾಗದಕ್ಕೆ ಪದ ಕೊಟ್ಟವರೂ ಅಪ್ಪನೇ. ನಾನು ಒಂದು ವಾರ ಹುಡುಕಿ ಸೋತಿದ್ದೆ. ಅವರು ದಿಂಬಿಗೆ ಒರಗಿಕೊಂಡು, "ಸವೆತ ಅಂತ ಬರಿ. ತುಕ್ಕು ಅಂದ್ರೆ ಯಾರಿಗಾದ್ರೂ ಉಜ್ಜಿ ತೆಗೀಬೇಕು ಅನ್ನಿಸುತ್ತೆ. ಸವೆತ ಅಂದ್ರೆ ಹುಷಾರಾಗಿ ನಡೆಸಬೇಕು ಅನ್ನಿಸುತ್ತೆ" ಅಂದರು. ಹಾಗೆಯೇ ಬರೆದಿದ್ದೇನೆ. ಅದರ ಕೆಳಗೆ ದಪ್ಪ ಅಕ್ಷರದಲ್ಲಿ, ಯಾವ ಅಲಂಕಾರವೂ ಇಲ್ಲದೆ, ಡಾಕ್ಟರನ್ನು ಕೇಳದೆ ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ, ನೀರು ಹೇಳಿದಷ್ಟು ಕುಡಿಯಿರಿ ಅಂತ ಎರಡು ಸಾಲು.

ಈಗ ಹೇಗಿದ್ದಾರೆ ಅಂತ ಕೇಳುತ್ತೀಯ. ಬಚ್ಚಿಡುವುದಿಲ್ಲ. ಮನೆಯಲ್ಲಿದ್ದಾರೆ. ಮೂತ್ರಪಿಂಡ ಪೂರ್ತಿ ಚೇತರಿಸಿಲ್ಲ, ಮೊದಲಿನಷ್ಟು ಆಗುವುದೂ ಇಲ್ಲವಂತೆ. ಅದರಿಂದಾಗಿ ಹೃದಯಕ್ಕೆ ಕೊಡುತ್ತಿದ್ದ ಒಂದು ಒಳ್ಳೆಯ ಮಾತ್ರೆ ನಿಲ್ಲಿಸಬೇಕಾಗಿ ಬಂದಿದೆ. ಅಂಗಡಿಯ ಮೂರು ಮೆಟ್ಟಿಲು ಹತ್ತಲು ಮಧ್ಯೆ ಒಮ್ಮೆ ನಿಲ್ಲುತ್ತಾರೆ, ನಿಂತಾಗ ಬೋರ್ಡು ಓದುವವರ ಹಾಗೆ ತಲೆ ಎತ್ತಿ ನೋಡುತ್ತಾರೆ. ಅವರ ಅಂಗಡಿಯ ಬೋರ್ಡೇ ಅದು. ಡಾಕ್ಟರಮ್ಮನನ್ನು "ಇನ್ನೆಷ್ಟು ಕಾಲ?" ಅಂತ ಕೇಳುವ ಧೈರ್ಯ ನನಗಿಲ್ಲ. ನೀನು ಬಂದರೆ ನೀನು ಕೇಳು. ಮಗುವಿಗೆ ಪ್ರಯಾಣ ಆಗುತ್ತದೆ ಅನ್ನಿಸಿದ ಕೂಡಲೇ ಬಾ. ಅಪ್ಪ ಆ ನೀಲಿ ಪಾದವನ್ನು ಕಪಾಟಿನ ಬಾಗಿಲಿಗೆ ಅಂಟಿಸಿ, ಹೆಬ್ಬೆರಳಿನಿಂದ ಅಳೆದು, "ಪೆಡಲಿಗೆ ಕಾಲು ಸಿಗೋಕೆ ಇನ್ನೂ ಹತ್ತು ವರ್ಷ ಬೇಕು" ಅಂದರು. ಆಮೇಲೆ ಹತ್ತು ವರ್ಷದ ಮಾತು ಎತ್ತಲಿಲ್ಲ.

ಆಶೀರ್ವಾದ ಮಾಡುವಷ್ಟು ದೊಡ್ಡವಳಾದೆ ಅಂತ ನನಗೇ ನಂಬಿಕೆಯಿಲ್ಲ. ಆದರೂ ಚಿಕ್ಕಮ್ಮ ಅಂದ ಮೇಲೆ ಮಾಡಲೇಬೇಕಲ್ಲ. ಪುಟಾಣಿ ನೂರು ವರ್ಷ ಬಾಳಲಿ. ಬಾಯಿತುಂಬ ಮಾತಾಡಲಿ, ಜಗಳ ಆಡಲಿ, ನನ್ನ ಹಾಗೆ ಆಗದಿರಲಿ. ನೀನು ಹೊತ್ತಿಗೆ ಸರಿಯಾಗಿ ಉಣ್ಣು, ಅವಳು ನಿದ್ದೆ ಮಾಡುವಾಗ ನೀನೂ ಮಲಗು. ಭಾವನಿಗೆ ನಮಸ್ಕಾರ ತಿಳಿಸು.

ನಿನ್ನ ತಂಗಿ

ತಾ.ಕ.: ಹೂಂಗುಟ್ಟಿ ಅಂತ ಸಹಿ ಹಾಕಿಲ್ಲ ಅಂತ ನೀನು ಆಗಲೇ ಗಮನಿಸಿರುತ್ತೀಯ. ಇನ್ನು ಮೇಲೆ ನನ್ನನ್ನು ಹಾಗೆ ಕರೆಯಬೇಡ ಅಕ್ಕಾ.

ಅಪ್ಪ ಯಾರನ್ನೂ ಕೇಳಲಿಲ್ಲ ಅಂದದ್ದು ಸುಳ್ಳು. ನವೆಂಬರಿನ ಕೊನೆಯ ಭಾನುವಾರ, ಮಧ್ಯಾಹ್ನ, ನಾನು ಅಂಗಡಿಯಲ್ಲಿ ಬಟ್ಟೆ ಗಂಟುಗಳ ಮೇಲೆ ಕೂತು ಕಾದಂಬರಿ ಓದುತ್ತಿದ್ದೆ. ಅವರು ಒಂದು ಮಷೀನಿನ ಶಟಲಿಗೆ ಎಣ್ಣೆ ಬಿಡುತ್ತ, "ಅಲ್ಲ ಕಣೇ, ಈ ತುಕ್ಕು ಅಂತ ಬರೆದಿದ್ದೀಯಲ್ಲ, ಕಬ್ಬಿಣ, ನೀರು ಎರಡೂ ಕಡಿಮೆ ಮಾಡಿದ್ರೆ ಹಿಡಿಯಲ್ಲ, ಅಲ್ವಾ?" ಅಂತ ಕೇಳಿದರು. ನಾನು "ಹೂಂ" ಅಂದೆ. ತಲೆ ಎತ್ತಲಿಲ್ಲ. ಅವರು ಗ್ಲೂಕೋಸ್ ಬಾಟಲಿ ನೋಡುತ್ತ ಯಾರೂ ಹೇಳಲಿಲ್ಲ ಅಂದಾಗಲೇ ನನಗೆ ಅದು ನೆನಪಾದದ್ದು. ಡಾಕ್ಟರಮ್ಮನಿಗೆ ಪದ ನನ್ನದು ಅಂದೆ, ಹೂಂ ನನ್ನದು ಅನ್ನಲಿಲ್ಲ. ಅಮ್ಮನಿಗೂ ಹೇಳಿಲ್ಲ.

ಹೋದ ವಾರ ಅಪ್ಪನ ಹತ್ತಿರ ಕೂತು, "ಅವತ್ತು ನನ್ನನ್ನ ಕೇಳಿದ್ರಿ" ಅಂತ ಅಷ್ಟು ಹೇಳಿದೆ. ಅವರು ನನ್ನ ತಲೆ ಮುಟ್ಟಿ, "ಬಿಡೇ. ನೀನು ಓದ್ತಾ ಇದ್ದೆ" ಅಂದರು. ಬೈದಿದ್ದರೆ ಒಳ್ಳೆಯದಿತ್ತು. ಈಗ ಏನಾದರೂ ಕೇಳಬೇಕು ಅನ್ನಿಸಿದರೆ ಬಾಗಿಲ ತನಕ ಬಂದು ಮೊದಲು ನನ್ನ ಕೈ ನೋಡುತ್ತಾರೆ. ಕೈಯಲ್ಲಿ ಪುಸ್ತಕ ಇದ್ದರೆ ಕೇಳದೆ ವಾಪಸ್ ಹೋಗುತ್ತಾರೆ.